ಬಿಸಿಲಿನ ರಜೆ

ಶಾಲಾ ವ್ಯಾನಿನ ಡ್ರೈವರನನ್ನು ಎಲ್ಲರೂ ಹಾರನ್ ಎಂದೇ ಕರೆಯುತ್ತಿದ್ದರು. ವ್ಯಾನು ಓಡಿಸುವವನಿಗೆ ಆ ಹೆಸರು ಬಂದದ್ದರಲ್ಲಿ ಏನು ವಿಶೇಷ ಅನ್ನಬೇಡಿ. ಅವನ ವ್ಯಾನಿನ ಹಾರನ್ ಕೆಟ್ಟು ಯಾವ ಕಾಲವೋ ಆಗಿತ್ತು, ರಿಪೇರಿ ಮಾಡಿಸುವ ಅಗತ್ಯವೇ ಬಿದ್ದಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಒಮ್ಮೆ ಕೂಗಿದನೆಂದರೆ ಮುಂದಿನ ಲಾರಿಯೂ ಪಕ್ಕಕ್ಕೆ ಸರಿಯುತ್ತಿತ್ತು. ಇಂಥ ಗಂಟಲು ಒಂದು ಚಳವಳಿಯ ಕೈಗೆ ಸಿಕ್ಕರೆ ಏನಾಗುತ್ತದೆ? ಚಳವಳಿ ಗೆಲ್ಲುತ್ತದೆ. ಇದೂ ಗೆದ್ದಿತು. ಆ ಗೆಲುವಿನ ಕಥೆಯನ್ನೇ ಹೇಳುತ್ತಿದ್ದೇನೆ, ಹೇಳುವುದಕ್ಕೆ ನನಗೇನೂ ಖುಷಿಯಿಲ್ಲ.

ಶುರುವಾದದ್ದು ಅವನ ಮಗಳಿಂದ. ನಾಲ್ಕನೇ ತರಗತಿಯ ಹುಡುಗಿ, ಮಧ್ಯಾಹ್ನದ ಗಣಿತದ ಪಿರಿಯಡ್ಡಿನಲ್ಲಿ ಎದ್ದು ನಿಂತು ಮಗ್ಗಿ ಹೇಳುತ್ತ ಹೇಳುತ್ತಲೇ ಬೆಂಚಿನ ಮೇಲೆ ಕುಸಿದಳು. ತರಗತಿ ಇದ್ದದ್ದು ಮೇಲಿನ ಮಹಡಿಯಲ್ಲಿ. ಇಡೀ ಬೆಳಿಗ್ಗೆ ಕಾದ ತಾರಸಿಯ ಕೆಳಗೆ ಫ್ಯಾನು ತಿರುಗುತ್ತಿತ್ತು, ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಡಾಕ್ಟರು ಬಿಸಿಲಿನ ಹೊಡೆತ ಎಂದರು, ನೀರು ಕುಡಿಸಿ ಎಂದರು, ಹಾರನ್‌ನ ಮುಖ ನೋಡಿ, "ಈ ವರ್ಷ ಇಂಥ ಮಕ್ಕಳು ದಿನಾ ಬರ್ತಿದಾರೆ" ಎಂದೂ ಸೇರಿಸಿದರು. ಮಗಳು ಎರಡು ದಿನದಲ್ಲಿ ಎದ್ದು ಓಡಾಡಿದಳು. ಅಪ್ಪನಿಗೆ ಮಾತ್ರ ಆ ಭಯ ಇಳಿಯಲಿಲ್ಲ.

ಶಾಲೆಯಲ್ಲಿ ಪೋಷಕರ ಕೂಟ ಎಂಬುದೊಂದು ಮೊದಲೇ ಇತ್ತು. ವಕೀಲಿ ಮಾಡುವ ತಾಯಿಯೊಬ್ಬರು ಅದನ್ನು ಕಟ್ಟಿದ್ದರು. ಮಗನಿಗೆ ಉಬ್ಬಸವಿದ್ದುದರಿಂದ ಹೊಗೆ, ಧೂಳು, ವರ್ಷವರ್ಷವೂ ಏರುವ ಸೆಖೆ, ಇವುಗಳ ಲೆಕ್ಕವೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಕೂಟದವರು ಗಿಡ ನೆಟ್ಟರು. ರಸ್ತೆ ಅಗಲ ಮಾಡಲು ಮರ ಕಡಿಯಲು ಬಂದವರನ್ನು ಮಕ್ಕಳೊಂದಿಗೆ ಹೋಗಿ ತಡೆದರು, ಮತ್ತು ಸೋತರು. ಗೇಟಿನ ಮುಂದೆ ಇಂಜಿನ್ ಆಫ್ ಮಾಡಿ ಎಂದು ಕಾರಿನವರಿಗೆ ಕೈಮುಗಿದರು. ಕಾರಿನವರು ಗಾಜು ಏರಿಸಿಕೊಂಡರು. ಒಳ್ಳೆಯ ಜನ, ಕೆಲಸವೂ ಒಳ್ಳೆಯದೇ. ಆದರೆ ಅವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ, ಹಾರನ್ ಬಂದು ಸೇರುವವರೆಗೆ.

ಅವನು ಬಂದ ಮೇಲೆ ಬೇಡಿಕೆ ಒಂದೇ ಆಯಿತು. ಬೇಸಿಗೆಯ ಈ ಎರಡು ತಿಂಗಳು ಶಾಲೆಯನ್ನು ಹನ್ನೊಂದೂವರೆಗೆ ಬಿಡಬೇಕು. ಭೂಮಿಯ ಸೆಖೆ ಇಳಿಸುವುದು ಆಮೇಲೆ, ಮೊದಲು ನಮ್ಮ ಮಕ್ಕಳನ್ನು ಆ ಕಾದ ಮಹಡಿಯಿಂದ ಇಳಿಸೋಣ ಎಂದ. ಎಲ್ಲರಿಗೂ ಅದು ಹಿಡಿಸಿತು. ಇಷ್ಟು ವರ್ಷ ಗಾಳಿಯ ಜೊತೆ ಗುದ್ದಾಡಿದವರಿಗೆ ಕೈಗೆ ಸಿಗುವಂಥದ್ದೊಂದು ಸಿಕ್ಕಂತಾಗಿತ್ತು.

ಕೂಟದ ಸಭೆಗಳು ನಡೆಯುತ್ತಿದ್ದದ್ದು ಶಾಲೆಯ ಕೆಳಗಿನ ಹಾಲಿನಲ್ಲಿ. ಹಳೆಯ ಕಾಲದ ಕಟ್ಟಡ, ಮೊಳ ದಪ್ಪದ ಗೋಡೆ, ಎತ್ತರದ ಸೂರು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ಕಲ್ಲು ಹಾಸಿನ ಮೇಲೆ ಚಪ್ಪಲಿ ಬಿಟ್ಟು ಕೂತರೆ ಅಂಗಾಲಿಗೆ ತಂಪು ತಾಗುತ್ತಿತ್ತು. ಅಲ್ಲಿ ಕೂತೇ ಅವರು ಸೆಖೆಯ ಬಗ್ಗೆ ಸಿಟ್ಟಾಗುತ್ತಿದ್ದರು.

ಕಡೆಯ ಸಭೆಗೆ ಹೆಡ್ ಮೇಡಂ ಬಂದರು. ನಿವೃತ್ತಿಗೆ ಹತ್ತಿರವಾದ ಹೆಂಗಸು, ಮಾತು ಕಡಿಮೆ.

"ಹನ್ನೊಂದೂವರೆಗೆ ಬಿಡ್ತೀನಿ. ನನಗೇನು ಕಷ್ಟ? ಆದ್ರೆ ಮಕ್ಕಳ ಮನೆ ಇದಕ್ಕಿಂತ ತಂಪಾಗಿರುತ್ತಾ?" ಎಂದು ಕೇಳಿದರು.

ಹಾರನ್ ಎದ್ದು ನಿಂತ. "ಮನೆ ನಾವು ನೋಡ್ಕೋತೀವಿ ಮೇಡಂ. ನೀವು ಶಾಲೆ ನೋಡ್ಕೊಳ್ಳಿ!"

ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಹಿಂದಿನ ಸಾಲಿನಲ್ಲಿ ಒಬ್ಬಳು ಕೈ ಎತ್ತಿದ್ದಳು. ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಇಸ್ತ್ರಿ ಮಾಡುವವಳು. ಗಂಡನಿಲ್ಲ, ಎರಡನೇ ತರಗತಿಯ ಮಗಳೊಬ್ಬಳೇ. ಚಪ್ಪಾಳೆ ನಿಲ್ಲುವವರೆಗೂ ಕೈ ಎತ್ತಿಕೊಂಡೇ ಇದ್ದು, "ನಮ್ಗೆ ಬಿಡೋದು ಸಾಯಂಕಾಲ ಐದು ಗಂಟೆಗೆ..." ಎಂದು ಶುರುಮಾಡಿದಳು.

"ಅದನ್ನೂ ಮಾತಾಡೋಣಮ್ಮಾ," ವಕೀಲರು ಪ್ರೀತಿಯಿಂದಲೇ ಹೇಳಿದರು, "ಮೊದ್ಲು ಇದೊಂದು ಆಗ್ಲಿ."

ಆಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಫೋಟೋದಲ್ಲಿ ಹಾರನ್ ಬಾಯಿ ತೆರೆದೇ ಇದ್ದ. ಮಕ್ಕಳು ಇದಕ್ಕೆ ಬಿಸಿಲಿನ ರಜೆ ಎಂದು ಹೆಸರಿಟ್ಟು ಕುಣಿದವು. ಬೇರೆ ಶಾಲೆಗಳ ಪೋಷಕರು ಫೋನ್ ಮಾಡಿ ನೀವು ಹೇಗೆ ಮಾಡಿದಿರಿ ಎಂದು ಕೇಳತೊಡಗಿದರು. ಎಲ್ಲ ಶಾಲೆಗಳನ್ನೂ ಸೇರಿಸಿ ಶನಿವಾರ ದೊಡ್ಡ ಮೆರವಣಿಗೆ ಮಾಡುವುದೆಂದು ಕೂಟ ತೀರ್ಮಾನಿಸಿತು. ಶಾಲೆಯ ವೇಳೆಯಷ್ಟೇ ಅಲ್ಲ, ಮರ, ಹೊಗೆ, ನೀರು ಎಲ್ಲದರ ಬೇಡಿಕೆ ಇಡಬೇಕು. ಹಾರನ್ ಹಿಗ್ಗಿ ಹೀರೇಕಾಯಿಯಾದ. ಯಾರು ಆಗುವುದಿಲ್ಲ ಹೇಳಿ?

ಹೊಸ ವೇಳೆ ಶುರುವಾದ ಸೋಮವಾರ ಬೆಳಿಗ್ಗೆ ಇಸ್ತ್ರಿಯವಳು ವ್ಯಾನಿನ ಕಿಟಕಿಗೆ ಬಂದು ಒಂದು ಬೀಗದ ಕೈ ಕೊಟ್ಟಳು.

"ಅಣ್ಣಾ, ನೀವೇ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ಬಿಡಿ. ಕೈಯನ್ನ ಬಾಗಿಲ ಮೇಲಿನ ಸಂದೀಲಿಡಿ. ಊಟ ಮುಚ್ಚಿಟ್ಟಿರ್ತೀನಿ."

ಅವಳ ಹಿಂದೆ ಅದೇ ಗಲ್ಲಿಯ ಇನ್ನೂ ನಾಲ್ಕೈದು ತಾಯಂದಿರು ನಿಂತಿದ್ದರು, ಎಲ್ಲರ ಕೈಯಲ್ಲೂ ಒಂದೊಂದು. ಫ್ಯಾಕ್ಟರಿಗೆ ಹೋಗುವವರಲ್ಲಿ ಅದು ಹೊಸ ವಿಷಯವೇನಲ್ಲ. ಮಕ್ಕಳನ್ನು ಒಳಗಿಟ್ಟು ಹೊರಗಿಂದ ಬೀಗ ಹಾಕುವುದು ಅಲ್ಲಿನ ಪದ್ಧತಿ. ಗಲ್ಲಿಯ ತುದಿಯಲ್ಲೇ ಲಾರಿಗಳು ಓಡಾಡುವ ರಸ್ತೆ, ಇನ್ನೊಂದು ತುದಿಯಲ್ಲಿ ತೆರೆದ ಮೋರಿ, ನಡುವೆ ಯಾರ್ಯಾರೋ ಬಂದು ಹೋಗುವ ಗೋದಾಮು. ಬೀಗವೆಂದರೆ ಆ ತಾಯಂದಿರ ಪಾಲಿಗೆ ಎರಡನೆಯ ತಾಯಿ. ಮೊದಲಾದರೆ ಶಾಲೆ ಬಿಡುವುದು ಮೂರೂವರೆಗೆ. ಹಾರನ್ ಮಕ್ಕಳನ್ನು ಇಳಿಸುವ ಹೊತ್ತಿಗೆ ಗಲ್ಲಿಗೆ ನೆರಳು ಬಂದಿರುತ್ತಿತ್ತು, ಗಾಡಿ ಮುಗಿಸಿ ಬಂದ ತರಕಾರಿ ಅಜ್ಜಿ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು, ಮಕ್ಕಳು ಅವಳ ಕಣ್ಣಳತೆಯಲ್ಲಿ ಆಡುತ್ತ ತಾಯಂದಿರು ಬರುವವರೆಗೆ ಕಾಲ ಕಳೆಯುತ್ತಿದ್ದವು. ಈಗ ಹನ್ನೆರಡು ಗಂಟೆಗೆ ಆ ಗಲ್ಲಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ.

ಇಸ್ತ್ರಿಯವಳ ಮಗಳಿಗೆ ಹಾರನ್ ಯಾಕಮ್ಮ ಎಂದು ಹೆಸರಿಟ್ಟಿದ್ದ. ವ್ಯಾನು ನಿಂತರೆ ಯಾಕೆ, ಹೊರಟರೆ ಯಾಕೆ, ನಿನ್ನ ಮೀಸೆ ಒಂದು ಕಡೆ ಬಿಳಿ ಯಾಕೆ. ಅವಳು ಡ್ರೈವರ್ ಸೀಟಿನ ಹಿಂದೆಯೇ ಕೂತು ಅವನ ತಲೆ ತಿನ್ನುತ್ತಿದ್ದಳು, ಅವನು ಬೈಯುತ್ತಲೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದ.

ಆ ಸೋಮವಾರ ಅವಳನ್ನು ಬಿಡಲು ಹಾರನ್ ಮೊದಲ ಬಾರಿ ಆ ಮನೆಯೊಳಗೆ ಕಾಲಿಟ್ಟ. ಒಂದೇ ಕೋಣೆ, ಮೇಲೆ ತಗಡು. ಕಿಟಕಿಯ ಎದುರಿಗೇ ಗೋದಾಮಿನ ಗೋಡೆ. ಕಬ್ಬಿಣದ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗಿನ ಕೊಡದ ನೀರೂ ಬೆಚ್ಚಗಾಗಿತ್ತು. ಫ್ಯಾನ್ ಹಾಕಿದ. ಮಹಡಿಯ ಮೇಲಿನ ತರಗತಿ ಇದರ ಮುಂದೆ ಸ್ವರ್ಗ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಯೇ ನುಂಗಿಕೊಂಡು ಬೀಗ ಹಾಕಿದ. ಮಧ್ಯಾಹ್ನ ಅವನಿಗೆ ಆಫೀಸಿನವರನ್ನು ಕರೆದೊಯ್ಯುವ ಇನ್ನೊಂದು ಟ್ರಿಪ್ ಇತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. ಮಗಳು ತಂಪು ನೆಲದ ಮೇಲೆ ಬೋರಲಾಗಿ ಮಲಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಇವರದು ನೆಲಮಟ್ಟದ ಮನೆ, ಅಂಗಳದಲ್ಲಿ ಮರ, ಬಾಗಿಲು ತೆರೆದಿತ್ತು.

"ಶಾಲೆ ಹಾಲ್ ಖಾಲಿ ಬಿದ್ದಿರುತ್ತಲ್ರೀ, ಆ ಮಕ್ಕಳನ್ನ ಅಲ್ಲೇ ಕೂರಿಸ್ಬಾರ್ದಾ? ಸರದಿ ಮೇಲೆ ನಾವೊಬ್ಬೊಬ್ಬರು ಹೋಗಿ ನೋಡ್ಕೊಂಡ್ರಾಯ್ತು" ಎಂದಳು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

ಅಷ್ಟು ಸರಳವಾದ ಮಾತು. ಅಷ್ಟು ಜನ, ಅಷ್ಟು ಸಭೆ, ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆದರೂ ಅದನ್ನು ಹೋಗಿ ಕೇಳಬೇಕಾದದ್ದು ಹೆಡ್ ಮೇಡಂ ಹತ್ತಿರ. ಮನೆ ನಾವು ನೋಡ್ಕೋತೀವಿ ಎಂದು ಎಲ್ಲರೆದುರು ಗುಡುಗಿದವನು ವಾರ ತುಂಬುವ ಮೊದಲೇ ಆಕೆಯ ಕೋಣೆಯ ಬಾಗಿಲು ತಟ್ಟಬೇಕು. ತಟ್ಟೆ ಸರಿಸಿ ಎದ್ದ.

ಎರಡು ದಿನ ಸುಮ್ಮನಿದ್ದ. ಬುಧವಾರ ವಕೀಲರ ಹತ್ತಿರ ಹೋದ. ಆಕೆ ನೆಲದ ಮೇಲೆ ಬ್ಯಾನರುಗಳ ನಡುವೆ ಕೂತಿದ್ದರು, ಕಣ್ಣು ಕೆಂಪಾಗಿದ್ದವು. ಮಗ ಪಕ್ಕದ ಕೋಣೆಯಲ್ಲಿ ಕೆಮ್ಮುವುದು ಕೇಳುತ್ತಿತ್ತು. ಹಾರನ್ ಹೇಳಿದ್ದನ್ನೆಲ್ಲ ಕೇಳಿ, "ನೀವು ಹೇಳೋದು ನೂರಕ್ಕೆ ನೂರು ಸರಿ" ಎಂದರು. "ಆದ್ರೆ ಈಗ ಬೇಡ. ಶನಿವಾರ ಅಷ್ಟು ಶಾಲೆಯವರು ಬರ್ತಿದಾರೆ. ಈಗ ಹೋಗಿ ನಮ್ಮ ಬೇಡಿಕೇಲೇ ತಪ್ಪಿತ್ತು, ಮಕ್ಕಳನ್ನ ಶಾಲೇಲೇ ಇಟ್ಕೊಳ್ಳಿ ಅಂದ್ರೆ ಎಲ್ಲಾರೂ ನಗ್ತಾರೆ. ಅಧಿಕಾರಿಗಳು ಇದಕ್ಕೇ ಕಾಯ್ತಿರೋದು. ಮೆರವಣಿಗೆ ಮುಗೀಲಿ, ಸೋಮವಾರ ನಾನೇ ನಿಮ್ಮ ಜೊತೆ ಬರ್ತೀನಿ."

ಅವನು ತಲೆಯಾಡಿಸಿದ. ಆಕೆಯನ್ನು ದೂರುವುದು ಸುಲಭ, ಕೇಳಿದವರೆಲ್ಲ ಆಮೇಲೆ ದೂರಿದರು ಕೂಡ. ಆದರೆ ಮೆಟ್ಟಿಲಿಳಿಯುವಾಗ ಹಾರನ್‌ಗೆ ಆದದ್ದು ಬೇಸರವಲ್ಲ, ನಿರಾಳ. ಸೋಮವಾರದವರೆಗೆ ಹೆಡ್ ಮೇಡಂ ಮುಖ ನೋಡಬೇಕಾಗಿಲ್ಲ ಎಂಬ ನಿರಾಳ. ಇದನ್ನು ಅವನು ಆಮೇಲೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೇ ಡಾಂಬರು ಮೆತ್ತಗಾಗಿತ್ತು. ಹನ್ನೊಂದೂವರೆಗೆ ಶಾಲೆ ಬಿಟ್ಟಾಗ ಮಕ್ಕಳು ವ್ಯಾನಿನಲ್ಲಿ ಗಲಾಟೆಯನ್ನೂ ಮಾಡದೆ ಕೂತಿದ್ದವು. ಗಲ್ಲಿಯ ಉಳಿದ ಮಕ್ಕಳಲ್ಲಿ ಕೆಲವನ್ನು ತಾಯಂದಿರು ರಜೆ ಹಾಕಿ ಮನೆಯಲ್ಲಿಟ್ಟುಕೊಂಡಿದ್ದರು, ಕೆಲವನ್ನು ನೆಂಟರ ಮನೆಗೆ ಸಾಗಹಾಕಿದ್ದರು. ಕೊನೆಗೆ ಇಳಿಯಬೇಕಾದವಳು ಯಾಕಮ್ಮ ಒಬ್ಬಳೇ. ಇಳಿಯಲಿಲ್ಲ.

"ಮಾಮಾ, ಇವತ್ತೊಂದಿನ ವ್ಯಾನಲ್ಲೇ ಇರ್ತೀನಿ. ಏನೂ ಕೇಳಲ್ಲ. ಬಾಯಿ ಮುಚ್ಕೊಂಡು ಕೂತಿರ್ತೀನಿ."

"ಆಗಲ್ಲ ಪುಟ್ಟಾ. ನಾನು ಬ್ಯಾನರ್ ಕಟ್ಟೋಕೆ ಹೋಗ್ಬೇಕು."

"ಯಾಕೆ?"

"ನಾಳೆ ಮೆರವಣಿಗೆ."

"ಯಾಕೆ?"

"ಬಿಸಿಲು ಕಮ್ಮಿ ಆಗ್ಲಿ ಅಂತ ಕಣೇ."

ಅವಳು ಸ್ವಲ್ಪ ಯೋಚನೆ ಮಾಡಿದಳು. "ನಾಳೆಯಿಂದ ಕಮ್ಮಿ ಆಗುತ್ತಾ?"

ಹಾರನ್ ನಕ್ಕುಬಿಟ್ಟ. ಅವಳನ್ನು ಎತ್ತಿಕೊಂಡೇ ಒಳಗೆ ಬಿಟ್ಟ, ಕೊಡದಿಂದ ನೀರು ಬಗ್ಗಿಸಿ ಕುಡಿಸಿದ, ಫ್ಯಾನ್ ಹಾಕಿದ. ಅವಳು ಮತ್ತೆ ಕೇಳಲಿಲ್ಲ. ಚಾಪೆಯ ಮೇಲೆ ಕೂತು ಶೂ ಬಿಚ್ಚತೊಡಗಿದಳು. ಅವನು ಬಾಗಿಲು ಎಳೆದುಕೊಂಡು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ. ಜವಾಬ್ದಾರಿಯ ಮನುಷ್ಯ.

ಒಂದು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಎಲ್ಲರ ಮನೆಯ ಫ್ಯಾನೂ ಏಸಿಯೂ ಒಟ್ಟಿಗೆ ಓಡಿ ಎಲ್ಲೋ ಏನೋ ಸುಟ್ಟುಹೋಗಿತ್ತಂತೆ. ಮುಖ್ಯ ರಸ್ತೆಯಲ್ಲಿ ಏಣಿ ಹತ್ತಿ ಬ್ಯಾನರ್ ಕಟ್ಟುತ್ತಿದ್ದ ಹಾರನ್‌ಗೆ ಅಂಗಡಿಗಳ ಜನರೇಟರುಗಳು ಒಂದೊಂದಾಗಿ ಗುರುಗುಟ್ಟತೊಡಗಿದ್ದು ಕೇಳಿಸಿತು. ಕೆಳಗೆ ಏಣಿ ಹಿಡಿದಿದ್ದವನಿಗೆ, "ನೋಡಿದ್ಯಾ, ಈ ಹೊಗೆ ಮೇಲೇ ನಾವು ಹೋರಾಡ್ಬೇಕಾಗಿರೋದು" ಎಂದು ಕೂಗಿ ಹೇಳಿದ. ತಗಡಿನ ಕೋಣೆ ಅವನ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಇನ್ನೆರಡು ಬ್ಯಾನರ್ ಕಟ್ಟಿ ಹೋಗಿ ನೋಡಿಕೊಂಡು ಬಂದರಾಯಿತು ಅಂದುಕೊಂಡ. ಎರಡು ಮುಗಿಯುವ ಹೊತ್ತಿಗೆ ಆಫೀಸಿನ ಟ್ರಿಪ್ ಬಂತು.

ಇಸ್ತ್ರಿಯವಳು ಐದೂಕಾಲಕ್ಕೆ ಬಂದು ಬೀಗ ತೆಗೆದಳು. ಮಗು ಬಾಗಿಲ ಹತ್ತಿರವೇ ಮಲಗಿತ್ತು. ಬಾಗಿಲಿನ ಕೆಳಗಿನ ಸಂದಿಗೆ ಮುಖ ಕೊಟ್ಟುಕೊಂಡು, ಅಲ್ಲಿಂದ ಬರುವಷ್ಟು ಗಾಳಿಗೆ. ಮೈ ಮುಟ್ಟಿದರೆ ಕಾದ ಬಾಗಿಲಿನ ಹಾಗೆಯೇ ಇತ್ತು. ಆವತ್ತು ತಡವಾಗಿ ಗಾಡಿ ಮುಗಿಸಿ ಬಂದ ತರಕಾರಿ ಅಜ್ಜಿ ಕೊಡದ ನೀರನ್ನು ಪೂರ್ತಿ ಸುರಿದಳು. ಯಾರೋ ಸ್ಕೂಟರ್ ತಂದರು. ಆಸ್ಪತ್ರೆಯಲ್ಲಿ ಹಾರನ್‌ನ ಮಗಳನ್ನು ನೋಡಿದ್ದ ಡಾಕ್ಟರೇ ಇದ್ದರು. ಈ ಸಲ ಅವರು ನೀರು ಕುಡಿಸಿ ಎನ್ನಲಿಲ್ಲ.

ಪೊಲೀಸರು ಬಂದು ಕೇಳಿದರು, ಬಿಸಿಲಿನಿಂದ ಆದ ಸಾವು ಎಂದು ಮುಗಿಸಿದರು. ತಾಯಿಯೇ ಹೇಳಿ ಹಾಕಿಸಿದ ಬೀಗ, ಡ್ರೈವರನದ್ದೇನು ತಪ್ಪು? ಹಾರನ್‌ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಯಾರಾದರೂ ಬಂದು ಕಪಾಳಕ್ಕೆ ಬಾರಿಸಲಿ ಎಂದು ಅವನು ಇಡೀ ಶನಿವಾರ ಮನೆಯ ಮೆಟ್ಟಿಲ ಮೇಲೆ ಕಾದು ಕೂತಿದ್ದ. ಬಂದವರೆಲ್ಲ ಬೆನ್ನು ಸವರಿ ಹೋದರು.

ಶನಿವಾರದ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಭಾನುವಾರ ಹಾಲಿನಲ್ಲಿ ಸಭೆ ಸೇರಿದಾಗ ವಕೀಲರು ಎದ್ದು ಮಾತಾಡಲು ಹೋಗಿ ಅತ್ತರು. ನಿಜವಾಗಿಯೇ ಅತ್ತರು. ಆಮೇಲೆ ಇನ್ನೊಬ್ಬ ತಂದೆ, ಕಾಲೇಜಿನ ಮೇಷ್ಟ್ರು, ಮೆಲ್ಲಗೆ ಹೇಳಿದ: "ಮಗೂದು ದೊಡ್ಡ ಫೋಟೋ ಮಾಡ್ಸೋಣ. ಮೆರವಣಿಗೆ ಮುಂದೆ ಹಿಡ್ಕೊಂಡು ಹೋಗೋಣ. ಹವಾಮಾನ ಅಂದ್ರೆ ಏನೂಂತ ಆಗಲಾದ್ರೂ ಅಧಿಕಾರಿಗಳಿಗೆ ಗೊತ್ತಾಗುತ್ತೆ."

ಹೌದು ಹೌದು ಎಂದರು ಕೆಲವರು. ಹಾರನ್ ಎದ್ದು ನಿಂತ. ಬಾಯಿ ತೆರೆದರೆ ಮೊದಲಿನ ದನಿ ಹೊರಡಲಿಲ್ಲ. ಮುಂದಿನ ಸಾಲಿನವರೂ ತಲೆ ಮುಂದೆ ಚಾಚಿ ಕೇಳಿಸಿಕೊಳ್ಳಬೇಕಾಯಿತು.

"ಫೋಟೋ ಬೇಡ. ಬಿಸಿಲು ಎಲ್ಲಾ ಕಡೆ ಇತ್ತು, ನಮ್ಮನೇಲೂ ಇತ್ತು. ನನ್ನ ಮಗಳು ಬದುಕಿದಾಳೆ. ಆ ಮಗೂನ ಒಳಗೆ ಹಾಕಿ ಬೀಗ ಜಡಿದಿದ್ದು ನಾನು. ಜಡಿಯೋ ಹಾಗೆ ಮಾಡಿದ್ದು ನಾವೆಲ್ಲ. ಇದೇ ಹಾಲ್ ತಣ್ಣಗೆ ಖಾಲಿ ಬಿದ್ದಿತ್ತು." ಕಲ್ಲು ಹಾಸಿನ ಕಡೆ ಕೈ ತೋರಿಸಿದ. "ಮೆರವಣಿಗೆ ಮಾಡಿ, ಮಾಡ್ಬೇಕು. ಆದ್ರೆ ನಾಳೆ ಹನ್ನೊಂದೂವರೆಗೆ ಆ ಮಕ್ಕಳು ಇಲ್ಲಿ ಕೂರಬೇಕು."

ಸೋಮವಾರ ಬೆಳಿಗ್ಗೆ ಹೆಡ್ ಮೇಡಂ ಕೋಣೆಯ ಬಾಗಿಲನ್ನು ಅವನೇ ಹೋಗಿ ತಟ್ಟಿದ. ಆಕೆ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಕುಡಿಯೋ ನೀರಿಗೆ ಇನ್ನೆರಡು ಡ್ರಮ್ ಬೇಕಾಗುತ್ತೆ" ಎಂದಷ್ಟೇ ಹೇಳಿದರು.

ಹೀಗೆ ಬಿಸಿಲಿನ ರಜೆಯ ಎರಡನೆಯ ವಾರದಿಂದ ಹಾಲಿನಲ್ಲಿ ಮಕ್ಕಳು ಕೂತವು. ಫ್ಯಾಕ್ಟರಿ ಗಲ್ಲಿಯವು ಮಾತ್ರವಲ್ಲ, ಇನ್ನೂ ಎಲ್ಲೆಲ್ಲಿಂದಲೋ ಬಂದವು. ಎಷ್ಟು ತಗಡಿನ ಕೋಣೆಗಳಲ್ಲಿ ಎಷ್ಟು ಮಕ್ಕಳಿದ್ದವು ಎಂಬುದು ಅವು ಬಂದ ಮೇಲೆಯೇ ಕೂಟಕ್ಕೆ ತಿಳಿದದ್ದು. ಹೆತ್ತವರು ಸರದಿ ಹಾಕಿಕೊಂಡರು. ಕಿಟಕಿಗೆ ಒದ್ದೆ ಚೀಲ ಕಟ್ಟಿದರು, ಕಲ್ಲು ಹಾಸಿನ ಮೇಲೆ ಮಕ್ಕಳನ್ನು ಮಲಗಿಸಿದರು. ಹಾರನ್ ದಿನವೂ ಮಕ್ಕಳನ್ನು ಬಾಗಿಲವರೆಗೆ ತಂದು ಬಿಡುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಆಫೀಸಿನ ಟ್ರಿಪ್ ಬಿಟ್ಟುಬಿಟ್ಟಿದ್ದ. ಸಂಜೆಯವರೆಗೂ ವ್ಯಾನಿನಲ್ಲಿ, ಕಾದ ಸೀಟಿನ ಮೇಲೆ ಕೂತಿರುತ್ತಿದ್ದ. ಹೆಂಡತಿ ಬಂದು ಕರೆದರೂ ಇಳಿಯುತ್ತಿರಲಿಲ್ಲ.

ಗುರುವಾರ ಇಸ್ತ್ರಿಯವಳು ಬಂದಳು. ಫ್ಯಾಕ್ಟರಿಯಲ್ಲಿ ಅವಳಿಗೆ ಒಂದು ವಾರ ರಜೆ ಕೊಟ್ಟಿದ್ದರು. ಸಾವಿಗೆ ರಜೆ ಸಿಗುತ್ತದೆ, ಸೆಖೆಗೆ ಸಿಗುವುದಿಲ್ಲ. ಅವಳು ಯಾರನ್ನೂ ಕೇಳದೆ ಹಾಲಿನೊಳಗೆ ಹೋಗಿ ಡ್ರಮ್ಮಿನ ಹತ್ತಿರ ಕೂತು, ಬಟ್ಟೆ ತುಂಡುಗಳನ್ನು ಅದ್ದಿ ಹಿಂಡಿ ಮಲಗಿದ ಮಕ್ಕಳ ಹಣೆಯ ಮೇಲೆ ಹಾಕತೊಡಗಿದಳು. ಸರದಿಯಲ್ಲಿದ್ದ ತಾಯಂದಿರು ಏನು ಮಾಡಬೇಕೆಂದು ತೋಚದೆ ಜಾಗ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಹೊರಗೆ ಬಂದು ವ್ಯಾನಿನ ಕಿಟಕಿಯ ಹತ್ತಿರ ನಿಂತಳು.

"ಅಣ್ಣಾ, ಒಂದು ಮಾತು ಕೇಳ್ಬೇಕಿತ್ತು. ಆವತ್ತು ನೀವು ಬಿಟ್ಟು ಬರುವಾಗ ಅವಳೇನಾದ್ರೂ ಅಂದ್ಲಾ?"

ಹಾರನ್ ಸ್ಟಿಯರಿಂಗ್ ಹಿಡಿದುಕೊಂಡ. ನಗುನಗುತ್ತಾ ಒಳಗೆ ಹೋದಳು ಎನ್ನಬಹುದಿತ್ತು, ಆ ತಾಯಿ ಅದನ್ನು ನಂಬಿಕೊಂಡು ಇನ್ನೂ ಎಷ್ಟೋ ವರ್ಷ ಬದುಕಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದ. ಅವಳ ಮುಖ ನೋಡಿದ ಮೇಲೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಮಾಮಾ, ಇವತ್ತೊಂದಿನ ವ್ಯಾನಲ್ಲೇ ಇರ್ತೀನಿ ಅಂದ್ಲಮ್ಮಾ. ಏನೂ ಕೇಳಲ್ಲ, ಬಾಯಿ ಮುಚ್ಕೊಂಡು ಕೂತಿರ್ತೀನಿ ಅಂದ್ಲು. ನಾನು ಆಗಲ್ಲ ಅಂದೆ."

ಇಸ್ತ್ರಿಯವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಬೆಳಿಗ್ಗೆ ನನ್ನ ಹತ್ರಾನೂ ಅದನ್ನೇ ಅಂದಿದ್ಲು" ಎಂದಳು. "ಫ್ಯಾಕ್ಟರಿಗೆ ನಾನೂ ಬರ್ತೀನಿ, ಮೂಲೇಲಿ ಬಾಯಿ ಮುಚ್ಕೊಂಡು ಕೂತಿರ್ತೀನಿ ಅಂತ. ನಾನು ಬೈದು ವ್ಯಾನ್ ಹತ್ತಿಸ್ದೆ."

ಒಳಗಿನಿಂದ ಯಾವುದೋ ಮಗು ನೀರು ಕೇಳಿತು. ಇಸ್ತ್ರಿಯವಳು ಕೊಡುವುದಕ್ಕೆ ಹೋದಳು.